ಗಾಳಿ ಹೋಗುವ ಕಡೆ ಕುಳಿತು ಬರೆದ ಮುಖ

ಅಪ್ಪನ ಮುಖವನ್ನು ಬರೆಯುತ್ತಿದ್ದ ದಿನಗಳಲ್ಲಿ, ಬಣ್ಣದ ಪೆಟ್ಟಿಗೆಯನ್ನು ತೆರೆಯುವ ಮೊದಲು ನಾನು ಅಂಗಳದ ನುಗ್ಗೆಮರದ ಕಡೆ ನೋಡುತ್ತಿದ್ದೆ. ಅದರ ಕೆಳಗಿನ ಕೊಂಬೆಗೆ ಒಂದು ಹತ್ತಿಯ ಎಳೆಯನ್ನು ಕಟ್ಟಿದ್ದೆ. ಎಳೆ ಯಾವ ದಿಕ್ಕಿಗೆ ವಾಲುತ್ತದೆಯೋ ಆ ದಿಕ್ಕಿಗೆ ನನ್ನ ಮಣೆ, ಹಲಗೆ, ಕಾಗದ ಎಲ್ಲವೂ ಹೋಗಬೇಕಿತ್ತು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದರು. ಗಾಳಿ ಅವರನ್ನು ದಾಟಿ ನನ್ನ ಕಡೆಗೆ ಬರಬಹುದಿತ್ತು. ನನ್ನನ್ನು ದಾಟಿ ಅವರ ಕಡೆಗೆ ಹೋಗುವಂತಿರಲಿಲ್ಲ. ಗಾಳಿ ನೇರವಾಗಿ ಜಗಲಿಯತ್ತಲೇ ಬೀಸುವ ದಿನ ಕೆಲಸವಿಲ್ಲ. ಆಷಾಢದಲ್ಲಿ ಹಾಗೆ ಅನೇಕ ಭಾನುವಾರಗಳು ಹೋದವು.

ಮನೆಯಲ್ಲಿ ನಾನು ಅಪ್ಪನನ್ನೂ ಅಮ್ಮನನ್ನೂ ಏಕವಚನದಲ್ಲಿಯೇ ಮಾತನಾಡಿಸುತ್ತಿದ್ದೆ. ಬರವಣಿಗೆಯಲ್ಲಿ ಬಹುವಚನವೇ ಉಚಿತವೆಂದು ಕಲಿತಿದ್ದೇನೆ. ಆದ್ದರಿಂದ ಹಾಗೆಯೇ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅದೂ ಚಿತ್ರಕಲೆಯಲ್ಲಿ. ಯಾವ ಮಾತನ್ನಾದರೂ ಆಡುವ ಮೊದಲು ಅದು ಸರಿಯಾಗಿದೆಯೇ ಎಂದು ಒಳಗೇ ಒಮ್ಮೆ ಹೇಳಿ ನೋಡಿಕೊಳ್ಳುವ ಅಭ್ಯಾಸ ನನಗೆ ಆ ಪದವಿಯ ಜೊತೆಯಲ್ಲಿಯೇ ಬಂದದ್ದು. ಇಂದಿಗೂ ಹೋಗಿಲ್ಲ.

ನಾನು ಕೆಲಸ ಮಾಡುವುದು ಪ್ಯಾಸ್ಟೆಲ್‌ನಲ್ಲಿ. ಮಕ್ಕಳು ಬಳಸುವ ಮೇಣದ ಕಡ್ಡಿಯಲ್ಲ. ಬಣ್ಣದ ಪುಡಿಗೆ, ಅದನ್ನು ಹಿಡಿದಿಡುವಷ್ಟು ಮಾತ್ರ ಅಂಟನ್ನು ಸೇರಿಸಿ ಒತ್ತಿದ, ಬಳಪಕ್ಕಿಂತಲೂ ಮೆತ್ತಗಿನ ಕಡ್ಡಿ. ಒರಟು ಕಾಗದದ ಮೇಲೆ ಎಳೆದಾಗ ಪುಡಿ ಕಾಗದದ ಸಣ್ಣ ಸಣ್ಣ ತಗ್ಗುಗಳಲ್ಲಿ ಕೂರುತ್ತದೆ. ಕೂರುತ್ತದೆ, ಅಷ್ಟೇ, ಅಂಟಿಕೊಳ್ಳುವುದಿಲ್ಲ. ಎಷ್ಟು ವರ್ಷ ಇಟ್ಟರೂ ಒಣಗಿ ಗಟ್ಟಿಯಾಗುವುದಿಲ್ಲ, ಏಕೆಂದರೆ ಅದರಲ್ಲಿ ಒದ್ದೆಯೆಂಬುದೇ ಇರುವುದಿಲ್ಲ. ಕೂರದೆ ಉಳಿದ ಪುಡಿ ಹಲಗೆಯಿಂದ ಜಾರಿ ಮಡಿಲಿಗೆ, ನೆಲಕ್ಕೆ, ಗಾಳಿಗೆ ಬೀಳುತ್ತದೆ.

ಅಪ್ಪ ಹರೆಯದಿಂದಲೂ ಕಲ್ಲಿನ ಕೆಲಸ ಮಾಡಿದವರು. ಮೊದಲು ಉಳಿ ಸುತ್ತಿಗೆ ಹಿಡಿದು ಚಪ್ಪಡಿ, ಕಂಬ, ಹೊಸ್ತಿಲು. ಆಮೇಲೆ ಯಂತ್ರದಿಂದ ಕಲ್ಲು ಕೊಯ್ದು ಹೊಳಪು ಕೊಡುವ ಕಡೆ. ಯಂತ್ರ ಬಂದ ಮೇಲೆ ಧೂಳು ಸಣ್ಣದಾಯಿತು. ಸಣ್ಣದಾದಷ್ಟೂ ಆಳಕ್ಕೆ ಇಳಿಯಿತು. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದ ತುಮಕೂರಿನ ವೈದ್ಯರು, ಇನ್ನು ನಿಮ್ಮ ಮನೆಯೊಳಗೆ ಯಾವ ಬಗೆಯ ಧೂಳೂ ಏಳಕೂಡದು ಎಂದರು. ಅಮ್ಮ ಪೊರಕೆಯನ್ನು ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸತೊಡಗಿದರು. ರಾಗಿ ಕೇರುವುದನ್ನು ಪಕ್ಕದ ಮನೆಯ ಅಂಗಳಕ್ಕೆ ಒಯ್ದರು. ನಾನು ನನ್ನ ಬಣ್ಣಗಳನ್ನೆಲ್ಲ ಪುರವರದ ಬಳಿಯ ಆ ಮನೆಯಿಂದ ಮಧುಗಿರಿಯಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಸಾಗಿಸಿದೆ. ಅಲ್ಲಿಯೇ ಒಂದು ಶಾಲೆಯಲ್ಲಿ ನಾನು ಚಿತ್ರಕಲೆಯ ಶಿಕ್ಷಕಿ.

ಪೆಟ್ಟಿಗೆಗಳನ್ನು ಬಸ್ಸಿಗೆ ಹೊರುತ್ತಿದ್ದಾಗ ಅಪ್ಪ ಜಗಲಿಯಿಂದಲೇ ಹೇಳಿದರು:

“ನಾನು ಕಲ್ ಪುಡಿ ಕುಡ್ದೆ, ನೀನು ಬಣ್ಣದ ಪುಡಿ ಕುಡೀತಿದೀಯ. ನಿನ್ ಕಫನಾದ್ರೂ ನೋಡಾಕೆ ಚೆಂದಾಗಿರ್ತದೆ ಬುಡು.”

ಅಮ್ಮನಿಗೆ ಸಿಟ್ಟು ಬಂತು. “ಏನ್ ಮಾತು ಅಂತ ಆಡ್ತೀಯಪ್ಪ ನೀನು. ಮಗೀಗೆ ಅಂಗಂತಾರಾ?” ಎಂದರು. ಅಪ್ಪ ನಗಲು ಹೋಗಿ ಕೆಮ್ಮಿದರು. ಆ ಹೊತ್ತಿಗಾಗಲೇ ಅವರ ನಗೆಗೂ ಕೆಮ್ಮಿಗೂ ನಡುವೆ ಬಹಳ ಅಂತರ ಉಳಿದಿರಲಿಲ್ಲ.

ಅವರ ಮುಖವನ್ನು ಬರೆಯಬೇಕೆಂದು ನನಗೆ ತೋರಿದ್ದು ಆಮೇಲೆ. ನೋಡಿದರೆ ಮನೆಯಲ್ಲಿ ಅವರದೊಂದು ಸರಿಯಾದ ಫೋಟೊ ಇರಲಿಲ್ಲ. ಮದುವೆಯಲ್ಲಿ ತೆಗೆಸಿರಲಿಲ್ಲ. ಗುರುತಿನ ಚೀಟಿಯಲ್ಲಿದ್ದದ್ದನ್ನು ನೋಡಿ ಅವರೇ, “ಕಳ್ಳನ್ನ ಹಿಡ್ಕಂಬಂದು ತೆಗ್ದಂಗೈತೆ” ಎನ್ನುತ್ತಿದ್ದರು. ನನ್ನ ಮೊಬೈಲಿನಲ್ಲಿ ಅವರಿರುವ ಎಲ್ಲ ಚಿತ್ರಗಳಲ್ಲಿಯೂ ಬಾಯಿ ಮೂಗಿನ ಮೇಲೆ ಟವೆಲ್ಲು ಇತ್ತು. ಸೊರಗಿದ ಮೇಲೆ, ಯಾರಾದರೂ ಮೊಬೈಲು ಎತ್ತಿದ ಕೂಡಲೇ ಅವರು ಟವೆಲ್ಲನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ಕೆಮ್ಮು ಬಂದಿರದಿದ್ದರೂ ಒತ್ತಿಕೊಳ್ಳುತ್ತಿದ್ದರು. ಆದರೆ ನಾನು ಹಲಗೆಯ ಮೇಲೆ ಕಾಗದ ಸಿಕ್ಕಿಸಿಕೊಂಡು ಕುಳಿತಾಗ ಟವೆಲ್ಲು ಹೆಗಲ ಮೇಲೆಯೇ ಇರುತ್ತಿತ್ತು. ಬರೆಯುವುದನ್ನು ಅವರು ಕೆಲಸವೆಂದು ಎಣಿಸಿದ್ದರು. ಕೆಲಸ ಮಾಡುವವರಿಗೆ ಅಡ್ಡ ಬರುವುದು ಅವರ ಸ್ವಭಾವದಲ್ಲಿರಲಿಲ್ಲ.

ಅದೇ ಸಮಯಕ್ಕೆ ಮಧುಗಿರಿಯ ಒಂದು ಸಮುದಾಯ ಭವನದಲ್ಲಿ ನನ್ನ ಚಿತ್ರಗಳ ಮೊದಲ ಪ್ರದರ್ಶನ ನಿಗದಿಯಾಯಿತು. ಕಾಲೇಜಿನಲ್ಲಿ ನನಗೆ ಪ್ಯಾಸ್ಟೆಲ್ ಕಲಿಸಿದ ಅಧ್ಯಾಪಕರು ಮುಂದೆ ನಿಂತು ಏರ್ಪಾಡು ಮಾಡಿದ್ದರು. ನಡುಗೋಡೆಯಲ್ಲಿ ಅಪ್ಪನ ಚಿತ್ರವನ್ನು ಹಾಕುವುದೆಂದು ನಾನು ಅವರಿಗೆ ಹೇಳಿದ್ದೆ. ಆದರೆ ಪ್ರದರ್ಶನವು ನೆಪವೇ ಆಗಿತ್ತು. ಈ ಕಾಗದದ ಮೇಲೆ ಆ ಮುಖ ನಿಲ್ಲದಿದ್ದರೆ, ಅವರು ಹೋದ ಮೇಲೆ ಅದು ಇನ್ನೆಲ್ಲಿಯೂ ಇರುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು.

ಅಮ್ಮ ಮೊದಲು ಒಪ್ಪಲಿಲ್ಲ. ನಮ್ಮ ಕಡೆ ಗೋಡೆಯ ಮೇಲೆ ಒಬ್ಬರೇ ಇರುವ ಪಟ ಎಂದರೆ ಸತ್ತವರದು.

“ಬದುಕಿರೋರ ಪಟ ಬರೀಬಾರ್ದು ಕಣಮ್ಮ. ಆಯಸ್ಸು ಕಮ್ಮಿ ಆಗ್ತದೆ.”

“ಇನ್ನೇನ್ ಉಳ್ದೈತೆ ಕಮ್ಮಿ ಆಗಾಕೆ?” ಎಂದರು ಅಪ್ಪ. “ಬರೀಲಿ ಬುಡು. ನಮ್ಮನ್ನ ಇಷ್ಟು ಹೊತ್ತು ಯಾರ್ ನೋಡವ್ರೆ? ನೀನಾದ್ರೂ ನೋಡಿದೀಯಾ?”

“ನೋಡ್ದೆ ಇಷ್ಟು ವರ್ಸ ಬೇಯ್ಸಾಕಿದ್ನಾ?” ಎಂದು ಅಮ್ಮ ಒಳಗೆ ಹೋದರು. ಅದನ್ನೇ ನಾವು ಒಪ್ಪಿಗೆಯೆಂದು ತಿಳಿದೆವು.

ಕೆಲಸದ ಕ್ರಮ ಹೀಗಿತ್ತು. ಅಂಗಳದ ಆ ತುದಿಯಲ್ಲಿ ಕುಳಿತರೆ ಅಪ್ಪನ ಮುಖದ ನೆರಳು ಬೆಳಕುಗಳು ಕಾಣುತ್ತಿದ್ದವೇ ಹೊರತು ವಿವರಗಳು ಕಾಣುತ್ತಿರಲಿಲ್ಲ. ಆದ್ದರಿಂದ ಎದ್ದು, ಮೇಲಂಗಿಯನ್ನು ಕಳಚಿಟ್ಟು, ತೊಟ್ಟಿಯ ನೀರಿನಲ್ಲಿ ಕೈ ತೊಳೆದು ಅವರ ಹತ್ತಿರ ಹೋಗುತ್ತಿದ್ದೆ. ಕಣ್ಣಿನ ಕೆಳಗಿನ ಮಡಿಕೆಯನ್ನೋ ಮೂಗಿನ ಪಕ್ಕದ ಗೆರೆಯನ್ನೋ ಚೆನ್ನಾಗಿ ನೋಡಿ, ಮನಸ್ಸಿನಲ್ಲಿಯೇ ಹಿಡಿದುಕೊಂಡು ಮರಳಿ ಬಂದು, ಕೈ ಒರೆಸಿಕೊಂಡು ಕಡ್ಡಿ ಹಿಡಿಯುತ್ತಿದ್ದೆ. ಬರುವಷ್ಟರಲ್ಲಿ ಅರ್ಧ ಜಾರಿರುತ್ತಿತ್ತು. ಮತ್ತೆ ಹೋಗಬೇಕಾಗುತ್ತಿತ್ತು. ನಾನು ಕಲಿತ ಯಾವ ಪಾಠದಲ್ಲಿಯೂ ಇಂತಹ ವಿಧಾನವಿರಲಿಲ್ಲ.

“ಏನ್ ಹುಡ್ಕಾಕ್ ಬಂದೆ ಮತ್ತೆ?” ಎಂದು ಅಪ್ಪ ಕೇಳುತ್ತಿದ್ದರು. “ಮೂಗು ಇಲ್ಲೇ ಐತೆ. ಎಲ್ಲೂ ಹೋಗಿಲ್ಲ.”

ಚಿತ್ರವನ್ನು ಮಧುಗಿರಿಗೆ ತರುತ್ತಿರಲಿಲ್ಲ. ನಮ್ಮ ಬಸ್ಸಿನ ಕುಲುಕಾಟಕ್ಕೆ ಬಣ್ಣ ಉದುರಿಹೋಗುತ್ತದೆ. ತೆಳು ಕಾಗದವನ್ನು ಮೇಲೆ ಇಳಿಬಿಟ್ಟು, ಎರಡು ಹಲಗೆಗಳ ನಡುವೆ ಇರಿಸಿ, ಒಳಕೋಣೆಯಲ್ಲಿ ಕಾಳು ತುಂಬಿಡುವ ಮಣ್ಣಿನ ವಾಡೆಗಳ ಹಿಂದೆ ನಿಲ್ಲಿಸುತ್ತಿದ್ದೆ. ಬಣ್ಣ ಕದಲದಂತೆ ಸಿಂಪಡಿಸುವ ಒಂದು ದ್ರಾವಣವಿದೆ. ಅದರ ವಾಸನೆ ಗಂಟಲು ಹಿಡಿಯುವಂಥದ್ದು. ಅಪ್ಪನಿರುವ ಮನೆಯಲ್ಲಿ ಅದರ ಮುಚ್ಚಳವನ್ನೂ ತೆರೆಯುವಂತಿರಲಿಲ್ಲ. ಪೂರ್ತಿ ಮುಗಿದ ಮೇಲೆ ಚಿತ್ರವನ್ನು ಹೊಲದ ಬದುವಿಗೆ ಒಯ್ದು ಅಲ್ಲಿ ಸಿಂಪಡಿಸುವುದು, ಹಗಲಿನ ಬೆಳಕಿನಲ್ಲಿ ಫೋಟೊ ತೆಗೆಯುವುದು, ಅನಂತರ ಚೌಕಟ್ಟು ಹಾಕಿಸುವುದು ಎಂದು ನಿರ್ಧರಿಸಿದ್ದೆ.

ಶಾಲೆಗೆ ರಜೆಯಿದ್ದ ದಿನಗಳಲ್ಲಿ ಕಾರ್ಯಾಗಾರಗಳಿಗೆ ಕರೆ ಬರುತ್ತಿತ್ತು. ಕೊರಟಗೆರೆ, ಸಿರಾ, ಪಾವಗಡ. ಹೆಚ್ಚಾಗಿ ಶಾಲಾ ಶಿಕ್ಷಕರಿಗೆ, ಕೆಲವೊಮ್ಮೆ ಮಹಿಳಾ ಸಂಘದವರಿಗೆ. ನಾನು ಹೇಳಬೇಕಾದುದನ್ನೆಲ್ಲ ಹಿಂದಿನ ದಿನವೇ ಬರೆದು, ಕನ್ನಡಿಯ ಮುಂದೆ ಓದಿಕೊಂಡು ಹೋಗುತ್ತಿದ್ದೆ. ಎಲ್ಲ ಕಡೆಯೂ ಮೊದಲ ಮಾತು ಒಂದೇ: ದಯವಿಟ್ಟು ಬರೆದುದನ್ನು ಮುಟ್ಟಬೇಡಿ. ಸಿರಾದಲ್ಲಿ ಒಬ್ಬ ಶಿಕ್ಷಕಿ ಬೆಳಗ್ಗೆಯಿಂದ ಕೂತು ಬಹಳ ಅಂದವಾಗಿ ಒಂದು ದಾಳಿಂಬೆಯನ್ನು ಬರೆದಿದ್ದರು. ಊಟದ ನಂತರ ಹೋಗಿ ನೋಡಿದರೆ ಕಾಗದದ ಮೇಲೆ ಮಸುಕು ಗುಲಾಬಿ ಮಾತ್ರ ಇತ್ತು.

“ಮೇಡಂ, ಗರ್ದ ಬಹಳ ಕೂತಿತ್ತು,” ಎಂದರು ಅವರು. “ಪಟಾಪಟಾ ಅಂತ ಒದರಿಬಿಟ್ಟೆ. ಸಾಫ್ ಆಯ್ತು.”

ಅವರ ಧೂಳೇ ದಾಳಿಂಬೆಯಾಗಿತ್ತೆಂದು ಹೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ನಾನೂ ನಕ್ಕೆ.

ಪಾವಗಡದಲ್ಲಿ ಹಾಗಾಗಲಿಲ್ಲ. ತೆಲುಗು ಬೆರೆಸಿ ಮಾತನಾಡುವ ಅಲ್ಲಿಯ ಒಬ್ಬ ಹಿರಿಯ ಮೇಷ್ಟರು ನನ್ನ ಎಚ್ಚರಿಕೆಯ ಮಾತನ್ನು ಕೊನೆಯವರೆಗೆ ಕೇಳಿ, ಕಡ್ಡಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

“ಏಮಮ್ಮಾ, ಮುಟ್ಟಿದ್ರೆ ಪೋತುಂದಿ ಅಂತೀರ. ಗಾಳಿಗೂ ಉದುರ್ತೈತೆ ಅಂತೀರ. ಅಂಥ ಬೊಮ್ಮ ಯಾಕೆ ಬರೀಬೇಕು? ನಮ್ ಜನ ಏನನ್ನಾದ್ರೂ ಮುಟ್ಟದಂಗೆ ನೋಡ್ತಾರಾ?”

ಬೇರೆ ಯಾವ ಬಣ್ಣದಲ್ಲಿಯೂ ಚರ್ಮದ ಮೇಲಿನ ಬೆಳಕು ಹೀಗೆ ಬರುವುದಿಲ್ಲ, ಏಕೆಂದರೆ ಇಲ್ಲಿ ಬಣ್ಣಕ್ಕೂ ನೋಡುವವರಿಗೂ ನಡುವೆ ಎಣ್ಣೆಯೂ ಇಲ್ಲ, ನೀರಿನ ಪದರವೂ ಇಲ್ಲ ಎಂದು ನಾನು ಉತ್ತರ ಕೊಟ್ಟೆ. ಅದು ಸರಿಯಾದ ಉತ್ತರವೇ. ಅವರು ತಲೆಯಾಡಿಸಿದರು, ಕಡ್ಡಿಯನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಅಂದು ಸಂಜೆ ನಿಡುಗಲ್ ಬೆಟ್ಟದ ಒಂದು ಚಿತ್ರ ಮಾಡಿಕೊಂಡು ಬರುವಾಗ ಬಸ್ಸಿನುದ್ದಕ್ಕೂ ಆ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರವೊಂದನ್ನು ಹುಡುಕುತ್ತಿದ್ದೆ.

ಮಳೆಗಾಲ ಕಳೆಯುವ ಹೊತ್ತಿಗೆ ಹೊಸ ತೊಂದರೆ ಶುರುವಾಯಿತು. ಅಪ್ಪನ ಮುಖ ನನ್ನ ಕೈಗಿಂತ ಬೇಗ ಬದಲಾಗುತ್ತಿತ್ತು. ಒಂದು ಭಾನುವಾರ ಬರೆದ ಕೆನ್ನೆ ಮುಂದಿನ ಭಾನುವಾರ ಅವರಲ್ಲಿ ಇರುತ್ತಿರಲಿಲ್ಲ. ನಾನು ಕುಂಚದಿಂದ ಬಣ್ಣ ಕೆದರಿ ತೆಗೆದು, ಒಳಗೆ ಇಳಿದ ಹೊಸ ಕೆನ್ನೆಯನ್ನು ಬರೆಯುತ್ತಿದ್ದೆ. ಮರುವಾರ ಅದೂ ಹಳತಾಗುತ್ತಿತ್ತು. ಕಾಗದವೂ ಸವೆಯುತ್ತ ಬಂತು. ಹೆಚ್ಚು ಕೆದರಿದರೆ ಪುಡಿ ಹಿಡಿಯುವ ಶಕ್ತಿಯನ್ನು ಅದು ಕಳೆದುಕೊಳ್ಳುತ್ತದೆ. ನಾನು ಕೆದರುವುದನ್ನು ಅಪ್ಪ ಅಷ್ಟು ದೂರದಿಂದಲೇ ಗಮನಿಸಿದ್ದರು.

“ಏನ್ ತೆಗೀತಿದೀಯ?”

“ಕೆನ್ನೆ. ಹೋದ ವಾರದ್ದು ಈಗ ಸರಿಯಿಲ್ಲ.”

“ಹಳೆ ಕೆನ್ನೆನೇ ಇರ್ಲಿ ಬುಡು ಕಣಮ್ಮ,” ಎಂದರು. “ಅದೇನ್ ಮಾಡಿತ್ತು ನಿಂಗೆ?”

ಮೊದಲ ತಿಂಗಳಿನ ಕೆನ್ನೆಯನ್ನು ನೆನಪಿನಿಂದ ಮತ್ತೆ ತುಂಬಿದೆ. ತಿಳಿಗಂದಿನ ಮೇಲೆ ಸ್ವಲ್ಪ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಬೆಳಗಿನ ಬಿಸಿಲಿಗೆಂದು ಒಂದೇ ಒಂದು ಎಳೆ ಹಳದಿ. ಆಮೇಲೆ ಕಣ್ಣು ತಾನಾಗಿಯೇ ಕೂತಿತು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಬರೆದಿರಲಿಲ್ಲ, ಆ ಮೇಲೆಯೂ ಬರೆದಿಲ್ಲ. ಹಲಗೆಯನ್ನು ಎತ್ತಿ, ಅಂಗಳದ ಆ ತುದಿಯಿಂದಲೇ ಅಪ್ಪನ ಕಡೆಗೆ ತಿರುಗಿಸಿ ಹಿಡಿದೆ. ಅಮ್ಮ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಅಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಇವ್ನ್ಯಾರೋ ನಮ್ಮಪ್ಪನಂಗವ್ನೆ,” ಎಂದರು.

ಬಿಳಿ ಅಂಗಿಯ ಒಂದು ಭುಜ ಮಾತ್ರ ಬಾಕಿ ಇತ್ತು. ಬರುವ ಭಾನುವಾರ ಅದನ್ನು ಮುಗಿಸಿ ಬದುವಿಗೆ ಒಯ್ಯೋಣವೆಂದು ಚಿತ್ರವನ್ನು ವಾಡೆಗಳ ಹಿಂದೆ ಇಟ್ಟು ಮಧುಗಿರಿಗೆ ಬಂದೆ. ಗುರುವಾರ ತರಗತಿಯಲ್ಲಿದ್ದಾಗ ಅಮ್ಮನ ಕರೆ ಬಂತು. ಬಸ್ಸು ಇಳಿದು ಓಣಿಗೆ ಬರುವಷ್ಟರಲ್ಲಿ ಜಗಲಿಯ ಮುಂದೆ ಚಪ್ಪಲಿಗಳು ತುಂಬಿದ್ದವು.

ತಿಥಿಯ ದಿನ ಐ.ಡಿ.ಹಳ್ಳಿಯಿಂದ ಅತ್ತೆ ಮುಂಜಾನೆಯೇ ಬಂದರು. ಅಪ್ಪನ ಅಕ್ಕ. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಪೂಜೆಗೆ ಬೇಕೆಂದು ನಾನು ಗುರುತಿನ ಚೀಟಿಯ ಫೋಟೊವನ್ನು ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿ ತಂದಿದ್ದೆ. ಅದು ದೊಡ್ಡದಾದಷ್ಟೂ ಒಡೆದು, ಮಸಿಯ ಚುಕ್ಕೆಗಳಾಗಿತ್ತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಯಾರದವ್ವ ಇದು? ಇದಕ್ಕೆ ಎಡೆ ಇಕ್ಕಿದ್ರೆ ಅವ್ನು ಬತ್ತಾನಾ?”

ಇದನ್ನು ನನಗೆ ಆಮೇಲೆ ಹೇಳಿದರು. ಆಗ ನಾನು ಹಿತ್ತಲಿನಲ್ಲಿ ಅಡುಗೆಯವರ ಬಳಿ ಇದ್ದೆ. ಒಳಗೆ ನಮ್ಮ ಹುಡುಗಿ ಬರೆದಿರುವುದೊಂದಿದೆ ಎಂದು ಅಮ್ಮನೇ ಹೇಳಿದರಂತೆ. ಅಮ್ಮನೇ ವಾಡೆಗಳ ಹಿಂದಿನಿಂದ ಹಲಗೆಗಳನ್ನು ತಂದರಂತೆ. ಮೇಲಿನ ತೆಳು ಕಾಗದವನ್ನು ಎತ್ತಿದ ಕೂಡಲೇ ಅತ್ತೆ ಗಟ್ಟಿಯಾಗಿ ಅತ್ತರು. ಆ ಅಳುವನ್ನು ಕೇಳಿಯೇ ನಾನು ಒಳಗೆ ಬಂದದ್ದು.

ಚಿತ್ರವನ್ನು ಮಣೆಯ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಎರಡು ಕಡೆಯೂ ದೀಪ ಹಚ್ಚಿದ್ದರು. ಅತ್ತೆ ವಿಭೂತಿಯನ್ನು ಮೂರು ಬೆರಳಿಗೆ ತೆಗೆದುಕೊಂಡು, ಸ್ನಾನ ಮಾಡಿಸಿದ ಮಗುವಿಗೆ ಹಚ್ಚುವಂತೆ, ಈ ಕಿವಿಯ ಕಡೆಯಿಂದ ಆ ಕಿವಿಯ ಕಡೆಗೆ ಹಣೆಯುದ್ದಕ್ಕೂ ಎಳೆದರು. ಮೂರು ಬಿಳಿಯ ಪಟ್ಟೆಗಳು ಬಂದವು. ಪಟ್ಟೆಗಳ ನಡುವೆ ಹಣೆಯ ಕಂದು ಬಣ್ಣವೂ ಬೆರಳ ಜೊತೆಯಲ್ಲಿ ಸರಿದುಹೋಗಿ ಕೂದಲಿಗೆ ಸೇರಿತು.

“ಅತ್ತೆ, ಅದನ್ನು ಮುಟ್ಟಬಾರದು,” ಎಂದೆ.

ಕಾರ್ಯಾಗಾರಗಳಲ್ಲಿ ನೂರಾರು ಬಾರಿ ಹೇಳಿದ ಮಾತು. ಆ ಮನೆಯಲ್ಲಿ, ಆ ದಿನ, ಅದು ಬೇರೆಯದೇ ಮಾತಾಯಿತು. ಕುಳಿತಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ಯಾಕವ್ವ?” ಎಂದರು ಅತ್ತೆ. “ನನ್ ತಮ್ಮನ್ನ ನಾನ್ ಮುಟ್ಟಬಾರ್ದಾ? ಎತ್ತಿ ಆಡ್ಸಿದ್ ಕೈ ಕಣವ್ವ ಇದು. ನಾಕಕ್ಷರ ಕಲ್ತಿದ್ದಕ್ಕೆ ನಾವೆಲ್ಲ ಮೈಲಿಗೆ ಆಗ್ಬುಟ್ವಾ ನಿಂಗೆ?”

“ಹಾಗಲ್ಲ ಅತ್ತೆ. ಅದು ಬರೀ ಪುಡಿ. ಅಂಟಿಕೊಂಡಿಲ್ಲ. ಕೈ ಇಟ್ಟರೆ ಅಳಿಸಿಹೋಗುತ್ತದೆ.”

“ಇಬೂತಿನೂ ಪುಡಿನೇ. ನಾವೆಲ್ಲಾ ಇನ್ನೇನು? ಅಡ್ಡ ಬರ್ಬ್ಯಾಡ, ಅತ್ಲಾಗಿರು.”

ನಾನು ಇನ್ನೂ ವಿವರಿಸಬಹುದಿತ್ತು. ಆದರೆ ಬಾಯಿಗೆ ಬಂದ ಪದಗಳೆಲ್ಲ ಪುಸ್ತಕದವು. ಅಮ್ಮನ ಕಡೆ ನೋಡಿದೆ. ಅವರು ಚಿತ್ರವನ್ನಲ್ಲ, ನನ್ನನ್ನು ನೋಡುತ್ತಿದ್ದರು. ಸುಮ್ಮನಿರು ಎಂದು ಕಣ್ಣಿನಲ್ಲಿಯೇ ಹೇಳಿದರು. ಅತ್ತೆ ವಿಭೂತಿಯ ನಡುವೆ ಕುಂಕುಮ ಇಟ್ಟು, ಚಿತ್ರದ ಕೆನ್ನೆಯನ್ನು ಎರಡೂ ಕೈಗಳಿಂದ ಸವರಿ, ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಅವರ ಹಿಂದೆ ಉಳಿದವರು ಎದ್ದರು.

ಪಾದ ಮುಟ್ಟಿ ನಮಸ್ಕರಿಸಬೇಕು, ಚಿತ್ರದಲ್ಲಿ ಪಾದವಿರಲಿಲ್ಲ. ಆದ್ದರಿಂದ ಒಬ್ಬರು ಎದೆಯನ್ನು ಮುಟ್ಟಿದರು, ಒಬ್ಬರು ಭುಜವನ್ನು, ಕೆಲವರು ಅತ್ತೆಯಂತೆಯೇ ಗಲ್ಲವನ್ನು. ಪ್ರತಿಯೊಬ್ಬರೂ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದರು. ಅಪ್ಪನೊಂದಿಗೆ ಕಲ್ಲು ಒಡೆದಿದ್ದ ಒಬ್ಬರು ಮಾತ್ರ ಬಹಳ ಹೊತ್ತು ಹೆಬ್ಬೆರಳನ್ನು ಕಣ್ಣಿನ ಪಕ್ಕದಲ್ಲಿ ಇಟ್ಟುಕೊಂಡು ನಿಂತಿದ್ದರು. “ಓಗಯ್ಯ, ನೀನೇ ಮುಂದಾದೆ,” ಎಂದು ಚಿತ್ರಕ್ಕೆ ಹೇಳಿದರು. ಅವರು ಕೈ ತೆಗೆದಾಗ ಆ ಕಣ್ಣು ಇರಲಿಲ್ಲ.

ಊಟಕ್ಕೆ ಎಲೆ ಹಾಕಿದಾಗ ನಾನು ನೀರು ಬಡಿಸಲು ಬಗ್ಗಿದೆ. ಸಾಲಿನಲ್ಲಿ ಕುಳಿತ ಎಲ್ಲರ ರೆಪ್ಪೆಗಳ ಮೇಲೆಯೂ ಬಣ್ಣವಿತ್ತು. ಕೆಲವರಲ್ಲಿ ಕಂದು, ಕೆಲವರಲ್ಲಿ ಕೆಮ್ಮಣ್ಣು. ಅಮ್ಮನ ಎಡರೆಪ್ಪೆಯ ಮೇಲೆ ಹಳದಿಯ ಒಂದು ಎಳೆ. ಯಾರಿಗೂ ತಿಳಿದಿರಲಿಲ್ಲ. ಅವರು ಮಾತನಾಡುತ್ತಾ, ಸಾರು ಕೇಳುತ್ತಾ, ರೆಪ್ಪೆ ಬಡಿಯುತ್ತಾ ಊಟ ಮಾಡಿದರು. ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡು, “ಅಚ್ಚು ಅವ್ನೇ ಕಣವ್ವ. ಎಂಗ್ ಬರ್ದೆ?” ಎಂದು ಕೇಳಿದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ.

ಎಲ್ಲರೂ ಹೋದ ಮೇಲೆ ಚಿತ್ರವನ್ನು ಬೆಳಕಿಗೆ ತಂದೆ. ಹಣೆಯಲ್ಲಿ ಬೂದಿ, ಕೆನ್ನೆಗಳ ಜಾಗದಲ್ಲಿ ಕಾಗದದ ಬಣ್ಣ, ಮೂಗು ಒಂದು ಕಡೆಗೆ ಎಳೆದುಹೋಗಿತ್ತು. ಉಳಿದಿದ್ದ ಒಂದು ಕಣ್ಣು ಯಾರದೆಂದು ಹೇಳುವಂತಿರಲಿಲ್ಲ. ಅದರ ಮೇಲೆ ಸರಿಪಡಿಸಲು ಹೊರಟರೆ ಮತ್ತೆ ಪೂರ್ತಿಯಾಗಿ ಬರೆಯಬೇಕಿತ್ತು. ಮೊಬೈಲಿನಲ್ಲಿ, ಕೆಲಸದ ನಡುವೆ ಒಮ್ಮೆ ಅಳತೆಗೆಂದು ತೆಗೆದ ಫೋಟೊ ಒಂದಿತ್ತು. ಅದರಲ್ಲಿ ಮುಖವಿನ್ನೂ ನೆರಳು ಬೆಳಕಿನ ತುಂಡುಗಳಾಗಿತ್ತು.

ಆದರೂ ಕಡ್ಡಿ ತೆಗೆದೆ. ಅಮ್ಮ ತಡೆದರು.

“ಪೂಜೆ ಆಗಿರೋದು ಕಣಮ್ಮ. ತಿದ್ದಬಾರ್ದು. ಹೊರಕ್ಕೂ ತಗಂಡೋಗಬಾರ್ದು.”

ವಿಷಯ ತಿಳಿದು ಅಧ್ಯಾಪಕರು ಫೋನ್ ಮಾಡಿ, ಚಿತ್ರದ ಈಗಿನ ಫೋಟೊ ಕಳಿಸಲು ಹೇಳಿದರು. ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಕರೆ ಬಂತು. ಅವರ ದನಿಯಲ್ಲಿ ಉತ್ಸಾಹವಿತ್ತು.

“ಇದನ್ನೇ ಹಾಕಮ್ಮಾ ನಡುಗೋಡೆಗೆ. ನೀನು ಮಾಡಿದ್ದಕ್ಕಿಂತ ಇದು ದೊಡ್ಡ ಕೃತಿ. ಇಡೀ ಬಳಗವೇ ಬರೆದ ಚಿತ್ರ ಇದು! ಒಂದು ಟಿಪ್ಪಣಿ ಬರೆದು ಪಕ್ಕದಲ್ಲಿ ಹಾಕು. ಜನ ನಿಂತು ನೋಡ್ತಾರೆ.”

ಅವರು ಓದಿದವರು, ತಪ್ಪು ಹೇಳಿರಲಾರರು. ಟಿಪ್ಪಣಿಯನ್ನು ಬರೆಯಲು ನಾನು ಪ್ರಯತ್ನಿಸಿದೆ ಕೂಡ. ಎರಡು ವಾಕ್ಯಗಳು ಬಂದವು, ಎರಡೂ ನಿರ್ದುಷ್ಟವಾಗಿದ್ದವು. ಅವನ್ನು ಓದಿದಾಗ ಸತ್ತವರು ಯಾರೋ ಬೇರೆಯವರು ಎನಿಸಿತು. ಮನೆಯವರು ಒಪ್ಪುತ್ತಿಲ್ಲವೆಂದು ಅಧ್ಯಾಪಕರಿಗೆ ತಿಳಿಸಿ, ನಡುಗೋಡೆಗೆ ನಿಡುಗಲ್ ಬೆಟ್ಟದ ಚಿತ್ರವನ್ನು ಹಾಕಿದೆ.

ಪ್ರದರ್ಶನಕ್ಕೆ ಜನ ಬಂದರು. ಇದು ಪ್ರಿಂಟೇ, ಕೈಯಲ್ಲಿ ಮಾಡಿದ್ದೇ ಎಂದು ಕೇಳಿದರು. ಎಲ್ಲ ಚಿತ್ರಗಳಿಗೂ ದ್ರಾವಣ ಸಿಂಪಡಿಸಿ, ಗಾಜು ಹಾಕಿಸಿದ್ದೆ. ಜನ ಗಾಜನ್ನು ಮುಟ್ಟಿ ನೋಡಿ ಹೋದರು. ಸಂಜೆ ಬೆರಳಿನ ಗುರುತುಗಳನ್ನು ಒರೆಸುವುದೇ ನನ್ನ ಕೆಲಸವಾಯಿತು. ಅಮ್ಮ ಕೊನೆಯ ದಿನ ಬಂದು ಬೆಟ್ಟದ ಎದುರಿನ ಕುರ್ಚಿಯಲ್ಲಿ ಕುಳಿತರು. “ಚೆನ್ನಾಗೈತೆ” ಎಂದರು.

ಅಪ್ಪನ ಚಿತ್ರವನ್ನು ಮಾತ್ರ ಹಾಗೆಯೇ, ಮನೆಯಲ್ಲಿಯೇ ಚೌಕಟ್ಟು ಹಾಕಿಸಿ ಗೋಡೆಯಲ್ಲಿ ತೂಗುಹಾಕಿದೆವು. ಅಮ್ಮ ಪ್ರತಿ ಸೋಮವಾರ ಅದರ ಗಾಜಿಗೆ ವಿಭೂತಿ ಇಟ್ಟು ಹೂವು ಮುಡಿಸುತ್ತಾರೆ. ಅವರಿಗೆ ಅದರಿಂದ ಸಮಾಧಾನ ಸಿಕ್ಕಿದೆಯೆಂದೇ ನಾನು ಭಾವಿಸಿದ್ದೆ.

ಅವರೆಕಾಯಿ ಬಂದ ಕಾಲದಲ್ಲಿ ಒಂದು ಮಧ್ಯಾಹ್ನ, ಇಬ್ಬರೂ ಜಗಲಿಯಲ್ಲಿ ಕುಳಿತು ಕಾಯಿ ಸುಲಿಯುತ್ತಿದ್ದಾಗ ಅಮ್ಮ ತಲೆ ಎತ್ತದೆಯೇ ಹೇಳಿದರು:

“ಅವ್ರ ಮುಖ ನೆನಪಿಗೆ ಬತ್ತಿಲ್ಲ ಕಣಮ್ಮ ನಂಗೆ.”

ನಾನು ಕೈ ನಿಲ್ಲಿಸಿದೆ.

“ನೆನೆಸ್ಕಂಡ್ರೆ ಆ ಪಟನೇ ಬಂದು ನಿಂತ್ಕಂತದೆ. ಅಳಿಸಿರೋದು. ಮೊದ್ಲು ಇಂಗಿರ್ಲಿಲ್ಲ. ಕಣ್ ಮುಚ್ಚಿದ್ರೆ ಕಾಣೋರು.” ಇನ್ನೊಂದು ಕಾಯಿ ಸುಲಿದು, “ಇನ್ನೊಂದು ಬರೀತೀಯಾ? ನಿಂಗೆ ನೆನಪೈತಲ್ಲ? ಅಷ್ಟು ದಿನ ನೋಡಿದೀಯ,” ಎಂದು ಕೇಳಿದರು.

ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಮರುವಾರ ಬಣ್ಣಗಳನ್ನು ತಂದೆ. ಜಗಲಿಯ ಮೇಲೆಯೇ, ಅಮ್ಮನ ಪಕ್ಕದಲ್ಲಿಯೇ ಕುಳಿತು ಶುರು ಮಾಡಿದೆ. ಎಂತಹ ಧೂಳು ಎದ್ದರೂ ಈಗ ಆ ಮನೆಯಲ್ಲಿ ಯಾರಿಗೂ ತೊಂದರೆಯಿರಲಿಲ್ಲ. ಗಲ್ಲದ ಗೆರೆಯನ್ನು ಎಳೆದೆ.

“ಇಷ್ಟು ಚೂಪಿಲ್ಲ,” ಎಂದರು ಅಮ್ಮ. “ಅಗಲ ಅವ್ರದು.”

“ಕೊನೆಯಲ್ಲಿ ಹೀಗೇ ಇತ್ತು ಅಮ್ಮ.”

“ಕೊನೇದು ಯಾರಿಗ್ ಬೇಕು? ಅದು ಕಾಯ್ಲೆ ಮುಖ. ಮೀಸೆ ಇಕ್ಕು. ದಪ್ಪಗೆ.”

ಅಪ್ಪನಿಗೆ ಮೀಸೆ ಇದ್ದುದನ್ನು ನಾನು ಎಂದೂ ನೋಡಿಲ್ಲ. ಗಲ್ಲವನ್ನು ಅಗಲ ಮಾಡಿದೆ, ಮೀಸೆ ಇಟ್ಟೆ. ಕಾಗದದ ಮೇಲೆ ಒಬ್ಬ ಅಪರಿಚಿತ ಯುವಕ ಕಾಣಿಸಿಕೊಳ್ಳತೊಡಗಿದ. ಅವನನ್ನು ಎಲ್ಲಿ ನನ್ನ ಅಪ್ಪನಿಗೆ ಸೇರಿಸಬೇಕೆಂದು ತಿಳಿಯದೆ ಕಣ್ಣಿಗೆ ಹೋದೆ. ಕೆಳಗಿನ ಮಡಿಕೆಗಳನ್ನು ಬರೆದ ಕೂಡಲೇ ಅಮ್ಮ, “ಇದ್ಯಾರು? ನಿಮ್ಮ ತಾತನಾ?” ಎಂದರು. ತೆಗೆದೆ. ಅವರು ಹೇಳಿದಂತೆ ಬರೆದೆ. ಆಗ ನನಗೆ ಯಾರೂ ಕಾಣಲಿಲ್ಲ. ಮತ್ತೆ ತೆಗೆದೆ. ಅಮ್ಮ ಹೇಳುತ್ತಾ ಹೋದರು, ನಾನು ತೆಗೆಯುತ್ತಾ ಹೋದೆ. ಅಮ್ಮನ ಗಂಡನೂ ನನ್ನ ಅಪ್ಪನೂ ಒಂದೇ ಕಾಗದದ ಮೇಲೆ ಕೂರಲು ಒಪ್ಪಲೇ ಇಲ್ಲ. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಕಾಗದದ ನಡುಭಾಗ ನುಣುಪಾಗಿ, ಯಾವ ಬಣ್ಣವನ್ನೂ ಹಿಡಿಯದಂತಾಯಿತು.

ಅಂಚಿನಲ್ಲಿ ಒಂದು ಕಿವಿ ಉಳಿದಿತ್ತು. ಯಾವಾಗ ಬರೆದೆನೋ ನೆನಪಿಲ್ಲ. ಕಲ್ಲಿಗೆ ಗುರುತು ಹಾಕುವ ಸುಣ್ಣದ ತುಂಡನ್ನು ಸದಾ ಸಿಕ್ಕಿಸಿಕೊಂಡು, ತಲೆಯಿಂದ ಸ್ವಲ್ಪ ಹೊರಕ್ಕೆ ಬಾಗಿದ ಕಿವಿ. ಅಮ್ಮ ಹತ್ತಿರ ಬಗ್ಗಿ ಅದನ್ನು ನೋಡಿದರು. ಬೆರಳನ್ನು ಮುಂದಕ್ಕೆ ಚಾಚಿ, ಕಾಗದಕ್ಕೆ ತಾಗುವ ಮೊದಲೇ ಹಿಂದಕ್ಕೆ ತೆಗೆದುಕೊಂಡರು.

“ಕಿವಿ ಸರಿಯಾಗೈತೆ,” ಎಂದರು.

“ಹೌದು,” ಎಂದೆ. ನನಗೂ ಅದು ಹಾಗೆಯೇ ನೆನಪಿತ್ತು.

ಇನ್ನೊಂದು ಕಾಗದವನ್ನು ತೆಗೆಯಲು ನಾನು ಕೈ ಹಾಕಿದೆ.

“ಬ್ಯಾಡ, ಇಷ್ಟೇ ಇರ್ಲಿ ಬುಡು,” ಎಂದು ಅಮ್ಮ ಸುಲಿದ ಕಾಳಿನ ಮೊರವನ್ನು ಎತ್ತಿಕೊಂಡು ಒಳಗೆ ಹೋದರು.